ಅರಿಶಿನದ ಬಣ್ಣದಲ್ಲಿ ಕಾರ್ಬನ್ 21, ಗೆರೆ ಮಾತ್ರ 11: ಎನ್‌ಎಂಆರ್‌ಗೆ ಕಾರ್ಬನ್ ಎಣಿಸುವ ಬಗೆ

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅಣುವಿನಲ್ಲಿ 21 ಕಾರ್ಬನ್ ಇವೆ. ಅದರ ಕಾರ್ಬನ್ ಎನ್‌ಎಂಆರ್ ತೆಗೆದರೆ, ಅಂದರೆ ಬಲವಾದ ಕಾಂತದಲ್ಲಿಟ್ಟು ರೇಡಿಯೋ ಅಲೆಗಳಿಂದ ಅದರ ಕಾರ್ಬನ್‌ಗಳನ್ನು ಓದಿದರೆ, ಕಾಣುವುದು 11 ಗೆರೆ. ಉಳಿದ ಹತ್ತು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ಜೋಡಿಜೋಡಿಯಾಗಿ ಒಂದೇ ಗೆರೆಯೊಳಗೆ ಕೂತಿವೆ. ಯಾವುದು ಯಾವುದರ ಜೋಡಿ ಎಂದು ಹೇಳಲು ಬಂದರೆ ಕಾರ್ಬನ್ ಎನ್‌ಎಂಆರ್‌ನ ಅರ್ಧ ಕೆಲಸ ಮುಗಿದಂತೆ.

ಬಿಎಸ್ಸಿ, ಎಂಎಸ್ಸಿ ಹುಡುಗರಿಗೆ ಪಾಠ ಹೇಳುವಾಗ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಸ್ಪೆಕ್ಟ್ರಮ್, ಅಂದರೆ ಯಂತ್ರ ಗೆರೆಗಳಾಗಿ ಬಿಡಿಸಿಕೊಡುವ ನಕ್ಷೆ, ನೋಡುವ ಮೊದಲು, ಎಷ್ಟು ಗೆರೆ ಬರಬೇಕು ಎಂಬ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಬರೆದು ಸುತ್ತು ಹಾಕಬೇಕು. ಆಮೇಲೆ ಅಳಿಸುವಂತಿಲ್ಲ. ಯಾಕೆಂದರೆ ಗೆರೆ ನೋಡಿದ ಮೇಲೆ ಮನಸ್ಸು ಸುಮ್ನೆ ಇರುವುದಿಲ್ಲ. ಎಂಟು ಕಂಡರೆ ಎಂಟಕ್ಕೆ, ಒಂಬತ್ತು ಕಂಡರೆ ಒಂಬತ್ತಕ್ಕೆ ಲೆಕ್ಕ ಹೊಂದಿಸಿಬಿಡುತ್ತದೆ. ಅಲ್ಲಿಗೆ ನೀವು ಅಣುವನ್ನು ಓದುತ್ತಿಲ್ಲ, ಉತ್ತರವನ್ನು ನಕಲು ಮಾಡುತ್ತಿದ್ದೀರಿ.

ಒಂದು ಪರಿಸರಕ್ಕೆ ಒಂದೇ ಗೆರೆ, ಯಾಕೆ?

ಇದನ್ನು ಬೇಗ ಮುಗಿಸೋಣ. ಸಾಮಾನ್ಯ ಕಾರ್ಬನ್, ಅಂದರೆ ಕಾರ್ಬನ್-12, ಎನ್‌ಎಂಆರ್ ಯಂತ್ರಕ್ಕೆ ಕಾಣುವುದೇ ಇಲ್ಲ. ಅದರ ನ್ಯೂಕ್ಲಿಯಸ್‌ಗೆ ಸ್ಪಿನ್, ಅಂದರೆ ಪುಟ್ಟ ಕಾಂತದಂತೆ ವರ್ತಿಸುವ ಗುಣ, ಇಲ್ಲ. ಕಾಣುವುದು ಕಾರ್ಬನ್-13. ಪ್ರಕೃತಿಯಲ್ಲಿ ಅದು ಸುಮಾರು ಶೇಕಡಾ 1.1 ಮಾತ್ರ. ಹಾಗಾಗಿ ಅಕ್ಕಪಕ್ಕದ ಎರಡೂ ಕಾರ್ಬನ್-13 ಆಗಿರುವ ಅಣು ಎಂಟು ಸಾವಿರಕ್ಕೆ ಒಂದು ಸಿಕ್ಕೀತು. ಅಷ್ಟು ಅಪರೂಪವಾದ್ದರಿಂದ ಒಂದು ಕಾರ್ಬನ್ ಇನ್ನೊಂದರ ಗೆರೆಯನ್ನು ಸೀಳಿದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೈಡ್ರೋಜನ್‌ಗಳು ಸೀಳುತ್ತವೆ ನಿಜ, ಆದರೆ ಯಂತ್ರ ಅವುಗಳ ಬಾಯಿ ಮುಚ್ಚಿಸಿರುತ್ತದೆ. ಇದಕ್ಕೇ ಡೀಕಪ್ಲಿಂಗ್ ಎನ್ನುವುದು.

ಉಳಿಯುವುದು ಒಂದೇ ಲೆಕ್ಕ. ಸುತ್ತಮುತ್ತ ಒಂದೇ ಥರ ಇರುವ ಕಾರ್ಬನ್‌ಗಳೆಲ್ಲ ಸೇರಿ ಒಂದು ಗೆರೆ. ಸುತ್ತಮುತ್ತ ಬೇರೆ ಇದ್ದರೆ ಬೇರೆ ಗೆರೆ. ಈ 'ಸುತ್ತಮುತ್ತ'ವನ್ನೇ ಪುಸ್ತಕಗಳಲ್ಲಿ ಕಾರ್ಬನ್ ಪರಿಸರ ಎನ್ನುತ್ತಾರೆ.

ಮೊದಲ ಹೆಜ್ಜೆ: ಬರೆಯಿರಿ, ನಂಬರ್ ಹಾಕಿ

ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಅಕ್ಷರವಿಲ್ಲದೆ ಬರೀ ಗೀಟುಗಳಲ್ಲಿ ಬರೆದ ರಚನೆಯಲ್ಲಿ ಮೂಲೆಗಳೆಲ್ಲ ಕಾರ್ಬನ್, ಗೀಟಿನ ತುದಿಯೂ ಕಾರ್ಬನ್. ಕಾರ್ಬೊನೈಲ್, ಅಂದರೆ ಆಕ್ಸಿಜನ್ ಜೊತೆ ಜೋಡಿಬಂಧ ಇರುವ ಕಾರ್ಬನ್, ಬಂದಾಗ ಹುಡುಗರ ಕಣ್ಣು ಆಕ್ಸಿಜನ್ ಮೇಲೆ ಹೋಗುತ್ತದೆ, ಅದನ್ನು ಹಿಡಿದುಕೊಂಡಿರುವ ಕಾರ್ಬನ್ ಲೆಕ್ಕದಿಂದ ತಪ್ಪಿಹೋಗುತ್ತದೆ. ಹೈಡ್ರೋಜನ್ ಇಲ್ಲದ ಕಾರ್ಬನ್‌ಗಳ ಕಥೆಯೂ ಇದೇ.

ಮನೆಯಲ್ಲಿ ಇದ್ದೇ ಇರುವ ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ಒಂದು ಬೆಂಜೀನ್ ಉಂಗುರ. ಆರು ಕಾರ್ಬನ್‌ಗಳ ಆ ಉಂಗುರದ ಒಂದು ತುದಿಗೆ ಓಎಚ್. ನೇರ ಎದುರು ತುದಿಗೆ ಒಂದು ನೈಟ್ರೋಜನ್, ಅದಕ್ಕೆ ಒಂದು ಕಾರ್ಬೊನೈಲ್, ಅದಕ್ಕೆ ಒಂದು ಮೀಥೈಲ್, ಅಂದರೆ ಸಿಎಚ್3. ನಂಬರ್ ಹಾಕೋಣ. ಮೀಥೈಲ್ 1. ಕಾರ್ಬೊನೈಲ್ 2. ನೈಟ್ರೋಜನ್ ಅಂಟಿಕೊಂಡಿರುವ ಉಂಗುರದ ಕಾರ್ಬನ್ 3. ಅಲ್ಲಿಂದ ಉಂಗುರವನ್ನು ಪ್ರದಕ್ಷಿಣೆ ಹಾಕಿ: 4, 5, ಓಎಚ್ ಇರುವುದು 6, ಮತ್ತೆ ಈಚೆ ಬರುತ್ತ 7, 8. ಒಟ್ಟು ಎಂಟು. ಅಣುಸೂತ್ರದಲ್ಲೂ ಎಂಟು ಕಾರ್ಬನ್. ತಾಳೆ ಆಯಿತು. ತಾಳೆ ಆಗದಿದ್ದರೆ ಮುಂದೆ ಹೋಗಲೇಬೇಡಿ.

ಎರಡನೇ ಹೆಜ್ಜೆ: ವಿಳಾಸ ಹೇಳಿ

ಈಗ ಒಂದೊಂದು ಕಾರ್ಬನ್ ಮೇಲೂ ನಿಂತುಕೊಂಡು ಸುತ್ತ ನೋಡಿ, ಕಂಡದ್ದನ್ನು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಮೋಸ ಹೋಗುತ್ತೀರಿ.

ಪ್ಯಾರಸಿಟಮಾಲ್‌ನ 4ರ ಮೇಲೆ ನಿಂತೆ. "ನನಗೊಂದು ಹೈಡ್ರೋಜನ್ ಇದೆ. ಒಂದು ಪಕ್ಕ ನೈಟ್ರೋಜನ್ ಹೊತ್ತ ಕಾರ್ಬನ್. ಇನ್ನೊಂದು ಪಕ್ಕ ಹೈಡ್ರೋಜನ್ ಇರುವ ಕಾರ್ಬನ್, ಅದರಾಚೆ ಓಎಚ್ ಹೊತ್ತದ್ದು." ಈಗ 8ರ ಮೇಲೆ ನಿಂತೆ. ಅದೇ ಮಾತು, ಅಕ್ಷರ ಬದಲಾಗಲಿಲ್ಲ. ಎಡ-ಬಲ ಮಾತ್ರ ತಿರುಗಿತು. ಎಡ-ಬಲ ಲೆಕ್ಕಕ್ಕಿಲ್ಲ. ಹಾಗಾದರೆ 4 ಮತ್ತು 8 ಒಂದೇ ಪರಿಸರ. ಹೀಗೆಯೇ 5 ಮತ್ತು 7 ಒಂದೇ. 1, 2, 3, 6 ಒಂಟಿ. ಒಟ್ಟು ಆರು ಪರಿಸರ, ಆರು ಗೆರೆ.

ಡಿಎಂಎಸ್‌ಓ ದ್ರಾವಕದಲ್ಲಿ ತೆಗೆದ ಸ್ಪೆಕ್ಟ್ರಮ್‌ನಲ್ಲಿ ಅವು ಸುಮಾರು 24, 115, 121, 131, 153 ಮತ್ತು 168 ಪಿಪಿಎಂ (ಗೆರೆ ಎಲ್ಲಿ ನಿಂತಿದೆ ಎಂದು ಹೇಳುವ ಅಳತೆ) ಹತ್ತಿರ ಬರುತ್ತವೆ. 24 ಮೀಥೈಲ್, 168 ಕಾರ್ಬೊನೈಲ್, ನಡುವಿನ ನಾಲ್ಕು ಉಂಗುರದ್ದು.

ವಿಳಾಸ ಹೇಳುವಾಗ ಒಂದು ಸೋಮಾರಿತನ ಬರುತ್ತದೆ. ಪಕ್ಕದ ಮನೆ ನೋಡಿ ನಿಲ್ಲಿಸಿಬಿಡುವುದು. ಆಕ್ಟೇನ್ ನೋಡಿ, ಎಂಟು ಕಾರ್ಬನ್‌ಗಳ ನೇರ ಸರಪಳಿ. ಮೂರನೆಯದರ ಎರಡೂ ಪಕ್ಕ ಸಿಎಚ್2. ನಾಲ್ಕನೆಯದರ ಎರಡೂ ಪಕ್ಕ ಸಿಎಚ್2. ಹಾಗಾದರೆ ಒಂದೇ ಅಲ್ವಾ? ಅಲ್ಲ. ಮೂರನೆಯದು ತುದಿಯಿಂದ ಎರಡು ಹೆಜ್ಜೆ ದೂರ, ನಾಲ್ಕನೆಯದು ಮೂರು ಹೆಜ್ಜೆ. ಆಕ್ಟೇನ್‌ಗೆ ನಾಲ್ಕು ಗೆರೆ. ನಮ್ಮ ಬೀದಿಯಲ್ಲೂ ಹಾಗೇ ಅಲ್ವಾ, ಅಕ್ಕಪಕ್ಕದ ಮನೆಗಳು ಒಂದೇ ಥರ ಇದ್ದ ಮಾತ್ರಕ್ಕೆ ಕಾಗದ ಸರಿಯಾದ ಬಾಗಿಲಿಗೆ ಹೋಗುವುದಿಲ್ಲ. ಬೀದಿಯ ಕೊನೆಯವರೆಗೂ ವಿಳಾಸ ಹೇಳಬೇಕು.

ಮೂರನೇ ಹೆಜ್ಜೆ: ಮಡಿಸಿ ನೋಡಿ

ಚುಕ್ಕಿ ರಂಗೋಲಿ ಹಾಕುವವರಿಗೆ ಅರ್ಧ ಹಾಕಿದ ಮೇಲೆ ಇನ್ನರ್ಧ ಕೈಗೆ ತಾನಾಗಿ ಬರುತ್ತದೆ. ಅಣುವಿನಲ್ಲೂ ಆ ಮಡಿಕೆಯ ಗೆರೆ ಸಿಕ್ಕಿಬಿಟ್ಟರೆ ಎಂಟು ವಿಳಾಸ ಹೇಳುವ ಕಷ್ಟ ತಪ್ಪುತ್ತದೆ. ಮಡಿಸಿದಾಗ ಒಂದರ ಮೇಲೊಂದು ಬೀಳುವ ಕಾರ್ಬನ್‌ಗಳು ಜೋಡಿ. ಮಡಿಕೆಯ ಮೇಲೇ ಕೂತವು ಒಂಟಿ.

ಇದಕ್ಕೆ ನನಗೆ ಗೊತ್ತಿರುವ ಅತಿ ಚಂದದ ಲೆಕ್ಕ ಒಂದಿದೆ. ಎಂಟು ಕಾರ್ಬನ್, ಹತ್ತು ಹೈಡ್ರೋಜನ್, ಒಂದು ಬೆಂಜೀನ್ ಉಂಗುರ. ಇಷ್ಟು ಹೇಳಿದರೆ ನಾಲ್ಕು ಅಣುಗಳು ಸಾಧ್ಯ: ಆರ್ಥೋ, ಮೆಟಾ, ಪ್ಯಾರಾ ಜೈಲೀನ್‌ಗಳು ಮತ್ತು ಎಥೈಲ್‌ಬೆಂಜೀನ್. ನಾಲ್ಕೂ ಬಣ್ಣವಿಲ್ಲದ ದ್ರವಗಳು. ನಾಲ್ಕರ ಕುದಿಬಿಂದುವೂ 136ರಿಂದ 145 ಡಿಗ್ರಿ ಸೆಲ್ಸಿಯಸ್ ಒಳಗೆ. ಲೇಬಲ್ ಬಿದ್ದುಹೋದ ನಾಲ್ಕು ಬಾಟಲಿ ಎದುರಿಗಿದ್ದರೆ ಏನು ಮಾಡುತ್ತೀರಿ? ಗೆರೆ ಎಣಿಸಿ, ಸಾಕು.

ಪ್ಯಾರಾ ಜೈಲೀನ್‌ನಲ್ಲಿ ಎರಡು ಮೀಥೈಲ್ ಎದುರುಬದುರು. ಉದ್ದಕ್ಕೂ ಮಡಿಸಬಹುದು, ಅಡ್ಡಕ್ಕೂ ಮಡಿಸಬಹುದು. ಎರಡು ಮೀಥೈಲ್ ಒಂದು. ಅವನ್ನು ಹೊತ್ತ ಎರಡು ಕಾರ್ಬನ್ ಒಂದು. ಉಳಿದ ನಾಲ್ಕೂ ಸೇರಿ ಒಂದು. ಒಟ್ಟು 3. ಗೆರೆಗಳು ಸುಮಾರು 21, 129, 135ರ ಹತ್ತಿರ.

ಆರ್ಥೋ ಜೈಲೀನ್‌ನಲ್ಲಿ, ಅಂದರೆ ಮೀಥೈಲ್‌ಗಳು ಅಕ್ಕಪಕ್ಕ ಇರುವುದರಲ್ಲಿ, ಹುಡುಗರು ಎಡವುತ್ತಾರೆ. ಇಲ್ಲಿ ಮಡಿಕೆ ಕಾರ್ಬನ್‌ಗಳ ಮೇಲೆ ಹಾಯುವುದಿಲ್ಲ, ಎರಡು ಬಂಧಗಳ ನಟ್ಟನಡುವೆ ಹಾಯುತ್ತದೆ. ಎರಡು ಮೀಥೈಲ್‌ಗಳ ಮಧ್ಯೆ ಹೊರಟು ಎದುರಿನ ಬಂಧದ ಮಧ್ಯೆ ಈಚೆ ಬರುತ್ತದೆ. ಆಗ ಒಂಟಿ ಎಂಬುದೇ ಇಲ್ಲ, ಎಲ್ಲವೂ ಜೋಡಿ. ಎಂಟು ಕಾರ್ಬನ್, ನಾಲ್ಕು ಜೋಡಿ. ಉತ್ತರ 4.

ಮೆಟಾದಲ್ಲಿ ಮಡಿಕೆ ಎರಡು ಮೀಥೈಲ್‌ಗಳ ನಡುವಿನ ಕಾರ್ಬನ್ ಮೇಲೆ ಹಾದು ಎದುರಿನ ಕಾರ್ಬನ್ ಮೇಲೆ ಇಳಿಯುತ್ತದೆ. ಅವೆರಡೂ ಒಂಟಿ, ಒಂದಕ್ಕೊಂದು ಸಂಬಂಧವಿಲ್ಲ. ಉಳಿದ ಆರು ಮೂರು ಜೋಡಿ. ಉತ್ತರ 5. ಎಥೈಲ್‌ಬೆಂಜೀನ್‌ನಲ್ಲಿ ಸಿಎಚ್3 ಒಂದು, ಸಿಎಚ್2 ಒಂದು, ಉಂಗುರದಲ್ಲಿ ನಾಲ್ಕು. ಉತ್ತರ 6.

ನೋಡಿ: 3, 4, 5, 6. ನಾಲ್ಕು ಬಾಟಲಿ, ನಾಲ್ಕು ಬೇರೆ ಸಂಖ್ಯೆ. ಗೆರೆ ಎಲ್ಲಿ ಬಂತು ಎಂದು ನೋಡುವ ಅಗತ್ಯವೂ ಇಲ್ಲ. ನಾನು ಮೊದಲ ಸಲ ಇದನ್ನು ಹಾಳೆಯ ಮೇಲೆ ಮಾಡಿದ ದಿನ ಹಾಸ್ಟೆಲ್‌ನಲ್ಲಿ ಕಂಡವರಿಗೆಲ್ಲ ತೋರಿಸಿದ್ದೆ. ವಾಣಿಜ್ಯ ಓದುತ್ತಿದ್ದ ರೂಮ್‌ಮೇಟ್ ಸಹಿಸಿಕೊಂಡ ಪಾಪ.

ಇದೇ ಲೆಕ್ಕಕ್ಕೆ ದೊಡ್ಡ ಉದಾಹರಣೆ ಬೇಕೆಂದರೆ ಫುಲರೀನ್ ಇದೆ. 60 ಕಾರ್ಬನ್ ಸೇರಿದ ಒಂದು ಅಣು ಇದೆ ಎಂದು 1985ರಲ್ಲಿ ಗೊತ್ತಾಯಿತು. ಅದು ಫುಟ್‌ಬಾಲ್ ಆಕಾರದ್ದು ಎಂದು ವಿಜ್ಞಾನಿಗಳು ಊಹಿಸಿದರು. ಆದರೆ ಪರೀಕ್ಷಿಸಲು ಸಾಕಷ್ಟು ಪುಡಿ ಕೈಯಲ್ಲಿರಲಿಲ್ಲ. ಫುಟ್‌ಬಾಲ್ ಆಗಿದ್ದರೆ ಅರವತ್ತೂ ಕಾರ್ಬನ್‌ಗಳ ವಿಳಾಸ ಒಂದೇ. 1990ರಲ್ಲಿ ಸಾಕಷ್ಟು ಪುಡಿ ಸಿಕ್ಕಿತು, ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಕ್ರೋಟೋ ಬಳಗ ಎನ್‌ಎಂಆರ್ ತೆಗೆಯಿತು. 143 ಪಿಪಿಎಂ ಹತ್ತಿರ ಒಂದೇ ಒಂದು ಗೆರೆ. ಜೊತೆಗಿದ್ದ 70 ಕಾರ್ಬನ್‌ನ ರಗ್ಬಿ ಚೆಂಡಿನಂಥ ಅಣುವಿಗೆ ಐದು ಗೆರೆ ಬರಬೇಕಿತ್ತು, ಐದೇ ಬಂದವು.

ನಾಲ್ಕನೇ ಹೆಜ್ಜೆ: ಅನುಮಾನ ಬಂದರೆ ಬೊಟ್ಟಿಡಿ

ಮಡಿಕೆಯೂ ಕಾಣುತ್ತಿಲ್ಲ, ವಿಳಾಸ ಹೇಳಿದರೂ ಗೊಂದಲ ಹೋಗುತ್ತಿಲ್ಲ ಅನ್ನಿ. ಆಗ ಕೆಂಪು ಪೆನ್ ತೆಗೆದುಕೊಳ್ಳಿ. ಅಣುವನ್ನು ಎರಡು ಸಲ ಬರೆಯಿರಿ. ಮೊದಲ ಚಿತ್ರದಲ್ಲಿ ಒಂದು ಕಾರ್ಬನ್‌ಗೆ ಕುಂಕುಮದ ಬೊಟ್ಟಿನಂತೆ ಚುಕ್ಕಿ ಇಡಿ. ಎರಡನೆಯದರಲ್ಲಿ ಅನುಮಾನವಿರುವ ಇನ್ನೊಂದು ಕಾರ್ಬನ್‌ಗೆ ಇಡಿ. ಈಗ ಎರಡನ್ನೂ ಹೋಲಿಸಿ.

ಒಂದು ಚಿತ್ರವನ್ನು ಎತ್ತಿ, ತಿರುಗಿಸಿ, ಮಗುಚಿ ಇನ್ನೊಂದರ ಮೇಲೆ ಕೂರಿಸಲು ಆದರೆ ಅವು ಒಂದೇ ಪರಿಸರ. ಹಾಗೆ ಕೂರದಿದ್ದರೂ ಒಂದು ಇನ್ನೊಂದರ ಕನ್ನಡಿ ಬಿಂಬವಾಗಿದ್ದರೆ, ಸಾಮಾನ್ಯ ದ್ರಾವಕದಲ್ಲಿ ಆಗಲೂ ಒಂದೇ ಗೆರೆ. ಎರಡೂ ಆಗದಿದ್ದರೆ ಬೇರೆ ಬೇರೆ ಗೆರೆ. ಅಷ್ಟೇ. ಈ ಪರೀಕ್ಷೆ ನಿಧಾನ, ಆದರೆ ನನಗೆ ಇವತ್ತಿನವರೆಗೆ ಕೈಕೊಟ್ಟಿಲ್ಲ.

ಎರಡನೇ ನಿಯಮ, ಕನ್ನಡಿಯ ನಿಯಮ, ಈಗ ಚಿಕ್ಕದಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದೇ ನಮ್ಮನ್ನು ಕಾಡುತ್ತದೆ.

ಅಣು ಚಿತ್ರವಲ್ಲ, ಕುಣಿಯುವ ವಸ್ತು

ಪ್ಯಾರಸಿಟಮಾಲ್‌ಗೆ ಹಿಂತಿರುಗಿ. ಕಾಗದದ ಮೇಲೆ ಆ ನೈಟ್ರೋಜನ್‌ನ ಬಾಲ ಒಂದು ಕಡೆಗೆ ವಾಲಿಕೊಂಡಿರುತ್ತದೆ. ಚುರುಕಾದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಕೇಳಿದಳು: "ಸರ್, ಬಾಲ ಬಲಕ್ಕೆ ಬಾಗಿದೆಯಲ್ಲ, ಹಾಗಾದರೆ ಬಲದ ಕಾರ್ಬನ್‌ಗೆ ಅದು ಹತ್ತಿರ, ಎಡದ್ದಕ್ಕೆ ದೂರ. 4 ಮತ್ತು 8 ಹೇಗೆ ಒಂದೇ ಆಗುತ್ತವೆ?" ಒಳ್ಳೆಯ ಪ್ರಶ್ನೆ. ಉತ್ತರ: ಆ ಬಾಲ ಅಲ್ಲೇ ನಿಂತಿಲ್ಲ. ಉಂಗುರ ಮತ್ತು ನೈಟ್ರೋಜನ್ ನಡುವಿನ ಬಂಧದ ಮೇಲೆ ಗಿರಗಿರ ತಿರುಗುತ್ತಿದೆ. ಎನ್‌ಎಂಆರ್ ಯಂತ್ರದ ಕಣ್ಣು ನಿಧಾನ. ಓಡುವ ಫ್ಯಾನಿನ ರೆಕ್ಕೆ ನಮಗೆ ಒಂದು ಬಿಲ್ಲೆಯಂತೆ ಕಾಣುವ ಹಾಗೆ ಯಂತ್ರಕ್ಕೆ ಸರಾಸರಿ ಮಾತ್ರ ಕಾಣುತ್ತದೆ.

ಸೈಕ್ಲೋಹೆಕ್ಸೇನ್ ಕುರ್ಚಿಯಾಕಾರದಿಂದ ಕುರ್ಚಿಯಾಕಾರಕ್ಕೆ ಮಗುಚುವುದೂ ಹೀಗೇ ವೇಗ. ಆದ್ದರಿಂದ ಮಾಮೂಲಿ ತಾಪಮಾನದಲ್ಲಿ ಇಂಥ ಉಂಗುರಗಳನ್ನು ಚಪ್ಪಟೆಯಾಗಿ ಬರೆದು ಎಣಿಸಿದರೆ ಸಾಕು. ಮೀಥೈಲ್‌ಸೈಕ್ಲೋಹೆಕ್ಸೇನ್‌ಗೆ ಏಳು ಕಾರ್ಬನ್, ಐದು ಗೆರೆ.

ಆದರೆ ಎಲ್ಲ ಬಂಧವೂ ಹೀಗೆ ಧಾರಾಳವಾಗಿ ತಿರುಗುವುದಿಲ್ಲ. ಡಿಎಂಎಫ್ ಎಂಬ ದ್ರಾವಕ ಲ್ಯಾಬಿನಲ್ಲಿ ಎಲ್ಲರೂ ಬಳಸಿರುತ್ತೀರಿ. ಒಂದು ನೈಟ್ರೋಜನ್ ಮೇಲೆ ಎರಡು ಮೀಥೈಲ್, ಜೊತೆಗೆ ಹೈಡ್ರೋಜನ್ ಹೊತ್ತ ಒಂದು ಕಾರ್ಬೊನೈಲ್. ಒಂದೇ ಥರ ಎನಿಸುತ್ತದೆ, ಎರಡು ಗೆರೆ ಎಂದು ಬರೆದುಬಿಡುತ್ತೀರಿ. ಬರುವುದು ಮೂರು. ಕಾರ್ಬೊನೈಲ್‌ಗೆ ನೈಟ್ರೋಜನ್ ಅಂಟಿದ ಇಂಥ ಅಮೈಡ್‌ನ ಕಾರ್ಬನ್-ನೈಟ್ರೋಜನ್ ಬಂಧಕ್ಕೆ ಅರ್ಧಂಬರ್ಧ ಜೋಡಿಬಂಧದ ಗುಣ ಇರುವುದರಿಂದ ಅದು ಬಿಗಿ. ಒಂದು ಮೀಥೈಲ್ ಸದಾ ಆಕ್ಸಿಜನ್ ಕಡೆ, ಇನ್ನೊಂದು ಹೈಡ್ರೋಜನ್ ಕಡೆ. ಒಂದು 31ರ ಹತ್ತಿರ, ಇನ್ನೊಂದು 36ರ ಹತ್ತಿರ. ಚೆನ್ನಾಗಿ ಕಾಯಿಸಿದರೆ ಮಾತ್ರ ತಿರುಗಾಟ ಜೋರಾಗಿ ಎರಡೂ ಒಂದಾಗುತ್ತವೆ. ಪರೀಕ್ಷೆಯಲ್ಲಿ ಅಮೈಡ್ ಕಂಡರೆ, ಅದರ ನೈಟ್ರೋಜನ್ ಮೇಲೆ ಒಂದೇ ಥರದ ಎರಡು ಗುಂಪು ಕಂಡರೆ, ಪೆನ್ ಕೆಳಗಿಟ್ಟು ಒಮ್ಮೆ ಉಸಿರೆಳೆದುಕೊಳ್ಳಿ.

ಈಗ ಅರಿಶಿನ. ಕರ್ಕ್ಯುಮಿನ್ ಅಂದರೆ ಎರಡು ಒಂದೇ ಥರದ ಉಂಗುರ, ಮಧ್ಯೆ ಏಳು ಕಾರ್ಬನ್‌ಗಳ ಸೇತುವೆ. ಪ್ರತಿ ಉಂಗುರಕ್ಕೂ ಒಂದು ಓಎಚ್, ಒಂದು ಮೀಥಾಕ್ಸಿ (ಆಕ್ಸಿಜನ್‌ಗೆ ಅಂಟಿದ ಮೀಥೈಲ್). ಸೇತುವೆಯ ಮಧ್ಯದಲ್ಲಿ, ದ್ರಾವಣದಲ್ಲಿ ಇರುವಾಗ, ಒಂದು ಕಡೆ ಕಾರ್ಬೊನೈಲ್, ಇನ್ನೊಂದು ಕಡೆ ಓಎಚ್. ಈನಾಲ್ ರೂಪ ಎನ್ನುತ್ತಾರಲ್ಲ, ಅದು. ಚಿತ್ರ ನೋಡಿದರೆ ಎಡ-ಬಲ ಬೇರೆ. ಮಡಿಸಲು ಆಗುವುದಿಲ್ಲ. 21 ಕಾರ್ಬನ್, 21 ಗೆರೆ ಎನಿಸುತ್ತದೆ.

ಆದರೆ ಆ ಓಎಚ್‌ನ ಹೈಡ್ರೋಜನ್ ಒಂದು ಆಕ್ಸಿಜನ್‌ನಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತಲೇ ಇರುತ್ತದೆ. ಯಂತ್ರಕ್ಕೆ ಎರಡೂ ಕಡೆ ಸರಾಸರಿಯಲ್ಲಿ ಒಂದೇ. ಹಾಗಾಗಿ ಮಧ್ಯದ ಒಂದು ಸಿಎಚ್ ಮೇಲೆ ಮಡಿಸಿ. ಆ ಮಧ್ಯದ್ದು ಒಂಟಿ. ಒಂದು ಕಡೆ ಉಳಿಯುವುದು ಹತ್ತು: ಆಕ್ಸಿಜನ್ ಹೊತ್ತದ್ದು ಒಂದು, ಜೋಡಿಬಂಧದ್ದು ಎರಡು, ಉಂಗುರದ್ದು ಆರು, ಮೀಥಾಕ್ಸಿ ಒಂದು. ಇನ್ನೊಂದು ಕಡೆಯ ಹತ್ತು ಇವುಗಳ ಜೋಡಿ. ಹತ್ತಕ್ಕೆ ಒಂದು ಸೇರಿಸಿ, ಹನ್ನೊಂದು.

ಸ್ಪೆಕ್ಟ್ರಮ್‌ನಲ್ಲಿ ಆ ಒಂಟಿ ಕಾರ್ಬನ್ 101 ಪಿಪಿಎಂ ಹತ್ತಿರ ನಿಲ್ಲುತ್ತದೆ. ಆಕ್ಸಿಜನ್ ಹೊತ್ತ ಜೋಡಿ 183ರ ಹತ್ತಿರ, ಮೀಥಾಕ್ಸಿ 56ರ ಹತ್ತಿರ. 101 ಎಂಬ ಆ ಗೆರೆಯೇ ಸಾಕ್ಷಿ. ಎರಡೂ ಕಡೆ ಕಾರ್ಬೊನೈಲ್ ಇರುವ ಕೀಟೋ ರೂಪವಾಗಿದ್ದರೆ ಮಧ್ಯದ್ದು ಸಿಎಚ್2 ಆಗಿರುತ್ತಿತ್ತು, ಎಷ್ಟೋ ಕೆಳಗೆ 50ರ ಆಸುಪಾಸಿನಲ್ಲಿ ಕಾಣಬೇಕಿತ್ತು. ಗಮನಿಸಿ, ಎರಡೂ ರೂಪಕ್ಕೆ ಎಣಿಕೆ 11 ಅಷ್ಟೇ. ಎಷ್ಟು ಎಂಬುದು ಇಲ್ಲಿ ಸಾಲುವುದಿಲ್ಲ, ಎಲ್ಲಿ ಎಂಬುದೂ ಬೇಕು.

ಮೆಂಥಾಲ್ ನನಗೆ ಕಲಿಸಿದ್ದು

ಎಂಎಸ್ಸಿ ವೈವಾದಲ್ಲಿ ನನಗೆ ಮೆಂಥಾಲ್ ಕೊಟ್ಟರು. ಪುದೀನ ಎಣ್ಣೆಯ ತಂಪು ಬರುವುದು ಅದರಿಂದಲೇ. ಹತ್ತು ಕಾರ್ಬನ್. ಅದರಲ್ಲಿ ಒಂದು ಐಸೊಪ್ರೊಪೈಲ್ ಗುಂಪು, ಅಂದರೆ ಒಂದು ಸಿಎಚ್ ಮೇಲೆ ಎರಡು ಮೀಥೈಲ್. ಆ ಎರಡು ಮೀಥೈಲ್ ಒಂದೇ ಎಂದುಕೊಂಡು ಎದೆಯುಬ್ಬಿಸಿ "9 ಸರ್" ಎಂದೆ. ಎದುರಿಗಿದ್ದ ಹಿರಿಯರು "ಇನ್ನೊಂದ್ಸಲ ಎಣಿಸಪ್ಪ" ಎಂದರು. ಎಣಿಸಿದೆ. ಮತ್ತೆ 9. ಅವರು ಏನೂ ಹೇಳದೆ ಒಂದು ಸ್ಪೆಕ್ಟ್ರಮ್ ಮುಂದಿಟ್ಟರು. ಹತ್ತು ಗೆರೆ ಇದ್ದವು. ಸ್ಯಾಂಪಲ್‌ನಲ್ಲಿ ಕಸ ಇರಬೇಕು ಎಂದೆ. ಆ ಮಾತು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಬೊಟ್ಟಿಡುವ ಪರೀಕ್ಷೆ ಮಾಡಿದ್ದರೆ ತಪ್ಪುತ್ತಿರಲಿಲ್ಲ. ಮೆಂಥಾಲ್‌ನಲ್ಲಿ ಮೂರು ಕೈರಲ್ ಕಾರ್ಬನ್, ಅಂದರೆ ನಾಲ್ಕು ಬೇರೆ ಬೇರೆ ಗುಂಪು ಹೊತ್ತ ಕಾರ್ಬನ್, ಇವೆ. ಐಸೊಪ್ರೊಪೈಲ್‌ನ ಒಂದು ಮೀಥೈಲ್‌ಗೆ ಬೊಟ್ಟಿಟ್ಟರೆ ಆ ಸಿಎಚ್ ಕೂಡ ಕೈರಲ್ ಆಗುತ್ತದೆ. ಇನ್ನೊಂದಕ್ಕಿಟ್ಟರೆ ಅದು ಮಾತ್ರ ಉಲ್ಟಾ ಆಗುತ್ತದೆ, ಉಳಿದ ಮೂರು ಹಾಗೇ ಇರುತ್ತವೆ. ಎರಡು ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಕನ್ನಡಿ ಬಿಂಬವೂ ಅಲ್ಲ, ಯಾಕೆಂದರೆ ಕನ್ನಡಿಯಲ್ಲಿ ನಾಲ್ಕೂ ಉಲ್ಟಾ ಆಗಬೇಕಿತ್ತು. ಆದ್ದರಿಂದ ಬೇರೆ ಗೆರೆ. ಒಂದು 16ರ ಹತ್ತಿರ, ಇನ್ನೊಂದು 21ರ ಹತ್ತಿರ. ಐದು ಪಿಪಿಎಂ ಅಂತರ, ಸಣ್ಣದೇನಲ್ಲ.

"ಎಷ್ಟೇ ತಿರುಗಿದರೂ?" ಎಂದು ಕೇಳುತ್ತಾರೆ. ಹೌದು, ಎಷ್ಟೇ ತಿರುಗಿದರೂ. ಪಕ್ಕದಲ್ಲಿ ಎಡಗೈ ಥರದ, ಅಂದರೆ ಕೈರಲ್ ಆದ, ನೆರೆ ಇದ್ದಾಗ ಎರಡು ಮೀಥೈಲ್‌ಗಳಿಗೆ ಸಿಗುವ ಸರಾಸರಿ ಒಂದೇ ಆಗುವುದಿಲ್ಲ.

ಇದರ ಪಕ್ಕದಲ್ಲಿ ಓಂಕಾಳಿನ ಥೈಮಾಲ್ ಇಟ್ಟು ನೋಡಿ. ಅದಕ್ಕೂ ಹತ್ತು ಕಾರ್ಬನ್. ಅದೇ ಮೀಥೈಲ್, ಅದೇ ಐಸೊಪ್ರೊಪೈಲ್, ಅದೇ ಓಎಚ್, ಅದೇ ಜಾಗಗಳಲ್ಲಿ. ಉಂಗುರ ಮಾತ್ರ ಬೆಂಜೀನ್, ಚಪ್ಪಟೆ. ಕೈರಲ್ ಕಾರ್ಬನ್ ಒಂದೂ ಇಲ್ಲ. ಈಗ ಬೊಟ್ಟಿಟ್ಟರೆ ಸಿಗುವ ಎರಡು ಚಿತ್ರಗಳು ಒಂದಕ್ಕೊಂದು ಕನ್ನಡಿ ಬಿಂಬ. ಒಂದೇ ಗೆರೆ. ಥೈಮಾಲ್‌ಗೆ 9, ಮೆಂಥಾಲ್‌ಗೆ 10. ಅಣುವಿನಲ್ಲಿ ಕೈರಲ್ ಕಾರ್ಬನ್ ಇದ್ದು, ಜೊತೆಗೆ ಐಸೊಪ್ರೊಪೈಲ್ ಅಥವಾ ಒಂದೇ ಕಾರ್ಬನ್ ಮೇಲೆ ಎರಡು ಮೀಥೈಲ್ ಇದ್ದರೆ ಈ ಜೋಡಿಯನ್ನು ನೆನೆಯಿರಿ.

ಈಗ ಸ್ಪೆಕ್ಟ್ರಮ್ ತೆರೆಯಿರಿ

ಸಂಖ್ಯೆ ಬರೆದಾಯಿತು, ಸುತ್ತು ಹಾಕಿಯಾಯಿತು. ಗೆರೆ ಎಣಿಸಿದರೆ ಜಾಸ್ತಿ ಬಂತು. ಮೊದಲು ನಿಮ್ಮದಲ್ಲದ ಗೆರೆಗಳನ್ನು ಹೊಡೆದುಹಾಕಿ. ಸೊನ್ನೆಯಲ್ಲಿ ಇದ್ದರೆ ಅದು ಟಿಎಂಎಸ್, ಅಳತೆಯ ಸೊನ್ನೆ ಗುರುತಿಸಲು ಹಾಕುವ ವಸ್ತು. 77ರ ಹತ್ತಿರ ಒಂದೇ ಎತ್ತರದ ಮೂರು ಗೆರೆ ಒತ್ತಾಗಿ ನಿಂತಿದ್ದರೆ ಅದು ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಇರುವ ಕ್ಲೋರೋಫಾರ್ಮ್ ದ್ರಾವಕ. 39.5ರ ಹತ್ತಿರ ಏಳು ಗೆರೆಯ ಗೋಪುರ ಕಂಡರೆ ಡಿಎಂಎಸ್‌ಓ. 31 ಮತ್ತು 207ರಲ್ಲಿ ಎರಡು ಗೆರೆ ಇದ್ದರೆ, ಟ್ಯೂಬ್ ತೊಳೆದ ಅಸಿಟೋನ್ ಪೂರ್ತಿ ಒಣಗಿಲ್ಲ. ಬೈಯುವುದಿದ್ದರೆ ತೊಳೆದವರನ್ನು ಬೈಯಿರಿ, ಅಣುವನ್ನಲ್ಲ.

ಇನ್ನೊಂದು ಕಾರಣ ಫ್ಲೋರಿನ್. ಹೈಡ್ರೋಜನ್‌ನ ಬಾಯಿ ಮುಚ್ಚಿಸಿದ ಯಂತ್ರ ಫ್ಲೋರಿನ್‌ನ ಬಾಯಿ ಮುಚ್ಚಿಸಿರುವುದಿಲ್ಲ. ಫ್ಲೋರೋಬೆಂಜೀನ್‌ನಲ್ಲಿ ಪರಿಸರ ನಾಲ್ಕೇ, ಆದರೆ ಪ್ರತಿಯೊಂದೂ ಎರಡಾಗಿ ಸೀಳಿಕೊಂಡು ಎಂಟು ಗೆರೆ ಆಗುತ್ತದೆ. ಫಾಸ್ಫರಸ್ ಇದ್ದರೂ ಇದೇ ಎಚ್ಚರ ಬೇಕು.

ಗೆರೆ ಕಡಿಮೆ ಬಂದರೆ? ಹೈಡ್ರೋಜನ್ ಇಲ್ಲದ ಕಾರ್ಬನ್‌ಗಳ ಗೆರೆ ಗಿಡ್ಡ. ಸ್ಯಾಂಪಲ್ ಕಡಿಮೆ ಇದ್ದರೆ, ಸ್ಕ್ಯಾನ್ ಸಾಕಷ್ಟು ಆಗಿರದಿದ್ದರೆ ಅವು ಗದ್ದಲದಲ್ಲಿ ಮುಳುಗಿಹೋಗುತ್ತವೆ. ಎತ್ತರ ನೋಡಿ ಕಾರ್ಬನ್ ಎಷ್ಟು ಎಂದು ಹೇಳುವ ಆಸೆಯನ್ನೂ ಇಲ್ಲೇ ಬಿಡಿ. ಹೈಡ್ರೋಜನ್ ಎನ್‌ಎಂಆರ್‌ನ ಆ ಸುಖ ಮಾಮೂಲಿ ಕಾರ್ಬನ್ ಸ್ಪೆಕ್ಟ್ರಮ್‌ನಲ್ಲಿ ಇಲ್ಲ.

ಬೇರೆ ಬೇರೆ ಪರಿಸರದವೂ ಆಕಸ್ಮಿಕವಾಗಿ ಒಂದೇ ಜಾಗದಲ್ಲಿ ಬಂದು ಕೂರಬಹುದು. ತೆಂಗಿನೆಣ್ಣೆಯಿಂದ ಸಿಗುವ ಲಾರಿಕ್ ಆಮ್ಲದ 12 ಕಾರ್ಬನ್‌ಗಳಿಗೂ ಬೇರೆ ವಿಳಾಸ. ಆದರೆ ಸರಪಳಿಯ ನಡುವಿನ ಸಿಎಚ್2ಗಳೆಲ್ಲ 29ರ ಸುತ್ತ ಸಂತೆಯಲ್ಲಿ ನಿಂತ ಹಾಗೆ ಮುತ್ತಿಕೊಳ್ಳುತ್ತವೆ. ಐಬುಪ್ರೊಫೆನ್ ಇನ್ನೂ ತಮಾಷೆ. 13 ಕಾರ್ಬನ್. ಉಂಗುರದಲ್ಲಿ ಎರಡು ಜೋಡಿ. ಬೊಟ್ಟಿನ ಪರೀಕ್ಷೆ ಕಟ್ಟುನಿಟ್ಟಾಗಿ ಮಾಡಿದರೆ ಐಸೊಬ್ಯೂಟೈಲ್‌ನ ಎರಡು ಮೀಥೈಲ್‌ಗಳೂ ಬೇರೆ, ಏಕೆಂದರೆ ಅಣುವಿನ ಇನ್ನೊಂದು ತುದಿಯಲ್ಲಿ ಕೈರಲ್ ಕಾರ್ಬನ್ ಇದೆ. ಲೆಕ್ಕಕ್ಕೆ 11. ಆದರೆ ಕೈರಲ್ ಕಾರ್ಬನ್ ಉಂಗುರದಾಚೆ, ಅಷ್ಟು ದೂರ. ಅದರ ಪ್ರಭಾವ ಇಲ್ಲಿಗೆ ತಲುಪುವಷ್ಟರಲ್ಲಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಎರಡೂ 22ರ ಹತ್ತಿರ ಒಂದೇ ಗೆರೆಯಾಗಿ ಬರುತ್ತವೆ. ಜೊತೆಗೆ ಒಂದು ಸಿಎಚ್2 ಮತ್ತು ಒಂದು ಸಿಎಚ್ ಎರಡೂ 45ರ ಹತ್ತಿರ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತವೆ. ಕಾಣುವುದು 10, ಕಣ್ಣು ಸೂಕ್ಷ್ಮ ಇಲ್ಲದಿದ್ದರೆ 9. ಪರೀಕ್ಷೆಯ ಕೀ ಉತ್ತರದಲ್ಲಿ ಸಾಮಾನ್ಯವಾಗಿ 10 ಎಂದಿರುತ್ತದೆ. ಅಂಕಕ್ಕಾಗಿ 10 ಎಂದೇ ಬರೆಯಿರಿ, ಕಾರಣ ತಿಳಿದಿರಲಿ.

ಇಂಥ ಹೊತ್ತಿಗೆ ಡೆಪ್ಟ್-135 ಎಂಬ ಸ್ಪೆಕ್ಟ್ರಮ್ ಕೈಹಿಡಿಯುತ್ತದೆ. ಅದರಲ್ಲಿ ಸಿಎಚ್ ಮತ್ತು ಸಿಎಚ್3 ಮೇಲ್ಮುಖ, ಸಿಎಚ್2 ಕೆಳಮುಖ, ಹೈಡ್ರೋಜನ್ ಇಲ್ಲದವು ಮಾಯ. ಪ್ಯಾರಸಿಟಮಾಲ್‌ನ ಆರು ಗೆರೆ ಅಲ್ಲಿ ಮೂರಾಗುತ್ತದೆ, ಮೂರೂ ಮೇಲ್ಮುಖ. ಐಬುಪ್ರೊಫೆನ್‌ನ 45ರ ಹತ್ತಿರದ ಇಬ್ಬರಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ.

ಕೈ ಪಳಗಲು ಇನ್ನೊಂದಿಷ್ಟು

ಪೆನ್ ಹಿಡಿದು ಮಾಡಿ, ಉತ್ತರ ಕೆಳಗೇ ಇದೆ, ಆಸೆ ತಡೆದುಕೊಳ್ಳಿ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ, ನಾಲ್ಕು ಕಾರ್ಬನ್. ನಿಂಬೆಯ ಸಿಟ್ರಿಕ್ ಆಮ್ಲ, ಆರು. ಕಾಫಿಯ ಕೆಫೀನ್, ಎಂಟು. ಬಟ್ಟೆ ಪೆಟ್ಟಿಗೆಗೆ ಹಾಕುವ ನ್ಯಾಫ್ತಲೀನ್ ಗುಳಿಗೆ, ಹತ್ತು. ಆರತಿಯ ಕರ್ಪೂರ, ಅದೂ ಹತ್ತು.

ಟಾರ್ಟಾರಿಕ್‌ಗೆ 2. ಮಡಿಸಲು ಬರುವುದಿಲ್ಲ, ಅರ್ಧ ಸುತ್ತು ತಿರುಗಿಸಿದರೆ ತನ್ನ ಮೇಲೆ ತಾನೇ ಕೂರುತ್ತದೆ. ಸಿಟ್ರಿಕ್‌ಗೆ 4. ಮಧ್ಯದ ಆಮ್ಲದ ಗುಂಪು ಬೇರೆ, ತುದಿಯ ಎರಡು ಒಂದೇ, ಎರಡು ಸಿಎಚ್2 ಒಂದೇ, ಓಎಚ್ ಹೊತ್ತದ್ದು ಒಂಟಿ. ಕೆಫೀನ್‌ಗೆ 8, ನೈಟ್ರೋಜನ್ ಮೇಲಿನ ಮೂರು ಮೀಥೈಲ್‌ಗಳೂ ನೋಡಲು ಒಂದೇ ಥರ, ವಿಳಾಸ ಮೂರಕ್ಕೂ ಬೇರೆ. ನ್ಯಾಫ್ತಲೀನ್‌ಗೆ 3. ಐದು ಎಂದು ಬರೆದಿದ್ದರೆ ನೀವು ಒಂದೇ ಸಲ ಮಡಿಸಿದ್ದೀರಿ, ಅಡ್ಡಕ್ಕೂ ಮಡಿಸಿ.

ಕರ್ಪೂರಕ್ಕೆ 10. ಸೇತುವೆಯ ಕಾರ್ಬನ್ ಮೇಲಿನ ಎರಡು ಮೀಥೈಲ್‌ಗಳಲ್ಲಿ ಒಂದು ಕಾರ್ಬೊನೈಲ್ ಕಡೆ ಬಾಗಿದೆ, ಇನ್ನೊಂದು ಆಚೆ ಕಡೆ. ಗೆರೆಗಳು 19.2 ಮತ್ತು 19.8ರ ಹತ್ತಿರ, ಅಂತರ ಒಂದು ಪಿಪಿಎಂ ಕೂಡ ಇಲ್ಲ. ಅಗಲಿಸಿ ನೋಡದಿದ್ದರೆ ಒಂದೇ ಎನಿಸೀತು. ಹಾಗೆನಿಸಿದರೆ ಮೂಲೆಯಲ್ಲಿ ಸುತ್ತು ಹಾಕಿದ ಸಂಖ್ಯೆ ನೋಡಿಕೊಂಡು ಮತ್ತೊಮ್ಮೆ ಹಿಗ್ಗಿಸಿ.